ಕೇಳದೆ ಹಾಕಿದ ಕಾಗದ

1974ರ ನವೆಂಬರ್ 16ರಂದು ಪೋರ್ಟೊರಿಕೊದ ಅರೆಸಿಬೊ ರೇಡಿಯೋ ದೂರದರ್ಶಕದಿಂದ ಮನುಷ್ಯ ಆಕಾಶಕ್ಕೊಂದು ಕಾಗದ ಹಾಕಿದ. ವಿಳಾಸ: ಎಂ13 ನಕ್ಷತ್ರಗುಚ್ಛ, ಸುಮಾರು 25,000 ಜ್ಯೋತಿರ್ವರ್ಷ ದೂರ. ಒಟ್ಟು 1,679 ಬಿಟ್‌ಗಳು. 23ನ್ನು 73ರಿಂದ ಗುಣಿಸಿ ನೋಡಿ. ಎರಡೂ ಅವಿಭಾಜ್ಯ ಸಂಖ್ಯೆಗಳು. ಹಾಗೆ ಸಾಲಾಗಿ ಜೋಡಿಸಿದರೆ ಚಿತ್ರ ಮೂಡುತ್ತದೆ: ನಮ್ಮ ಡಿಎನ್‌ಎ, ನಮ್ಮ ಆಕಾರ, ಸೂರ್ಯನಿಂದ ಮೂರನೆಯ ಮನೆ. (ಚೌಕುಳಿ ಹಾಳೆಯಲ್ಲಿ ಬಿಡಿಸಿದ ನನ್ನ ವಿದ್ಯಾರ್ಥಿಗಳು ಆ ಮನುಷ್ಯನನ್ನು ಬೆದರುಬೊಂಬೆ ಎಂದರು!)

ಬ್ರಿಟನ್ನಿನ ಖಗೋಳವಿಜ್ಞಾನಿ ಮಾರ್ಟಿನ್ ರೈಲ್ ಆಕ್ಷೇಪಿಸಿದರು. ಅತ್ತ ಇರುವವರು ಹಗೆಗಳೋ ಹಸಿದವರೋ, ಯಾರು ಬಲ್ಲರು?

ಉತ್ತರಕ್ಕೆ ಕಡಿಮೆಯೆಂದರೂ 50,000 ವರ್ಷ ಬೇಕು. ಹಗೆಯ ಭಯ ನನಗಿಲ್ಲ. ಆದರೆ ಇಡೀ ಊರಿನ ವಿಳಾಸ ಕೊಡುವ ಮುನ್ನ ಊರವರನ್ನು ಕೇಳಬೇಡವೆ? ಆ ದೂರದರ್ಶಕ 2020ರಲ್ಲಿ ಕುಸಿದುಬಿತ್ತು. ಕಾಗದ 50 ಜ್ಯೋತಿರ್ವರ್ಷ ದಾಟಿದೆ. ವಾಪಸು ಕರೆಯುವಂತಿಲ್ಲ.