ಕರೆಂಟು ನಮ್ಮದು, ಕಾಗದ ಯಾರದು?

ಬೆಂಗಳೂರಿನ ಮೆಟ್ರೋದಲ್ಲಿ ನಿಂತು ಈ ಪತ್ರಿಕೆ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಒಂದು ಗಳಿಗೆ ತಲೆ ಎತ್ತಿ ನೋಡಿ. ನಿಮ್ಮ ತಲೆಯ ಮೇಲೆ ಉರಿಯುವ ದೀಪಕ್ಕೂ ಕಾಲಡಿ ಉರುಳುವ ಗಾಲಿಗೂ ಕರೆಂಟು ಬೇಕು. ಆ ಕರೆಂಟು ಆಕಾಶದಿಂದ ಉದುರುವುದಿಲ್ಲ. ಅದರಲ್ಲಿ ನಮ್ಮ ಶರಾವತಿಯ ಪಾಲಿದೆ, ಕೈಗಾದ ಪಾಲಿದೆ, ಪಾವಗಡದ ಬಿಸಿಲಿನ ಪಾಲೂ ಇದೆ. ಹೊಗೆಯಿಲ್ಲದ ರೈಲು, ಹೊಗೆಯಿಲ್ಲದ ಬಸ್ಸು, ಹಸಿರು ನಗರ ಎಂದು ದೊಡ್ಡವರು ಭಾಷಣ ಬಿಗಿಯುತ್ತಾರೆ. ಒಳ್ಳೆಯದೇ. ಆದರೆ ಆ ಹಸಿರಿನ ಭಾಷೆ ಯಾವುದು? ಯಾರಾದರೂ ಕೇಳಿದ್ದೀರಾ?

ನಾನು ಹೊನ್ನಾವರದವನು. ಓದಿದ್ದು ಪಿಯುಸಿ. ಹೊಟ್ಟೆಪಾಡಿಗೆ ಪ್ರಿಂಟಿಂಗ್ ಪ್ರೆಸ್ಸು. ಅಪ್ಪ ಮೊಳೆ ಜೋಡಿಸಿ ಟ್ರೆಡಲ್ ತುಳಿದರು. ನನ್ನ ಕಾಲಕ್ಕೆ ಕಂಪ್ಯೂಟರು, ಆಫ್‌ಸೆಟ್ಟು ಬಂತು. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಸೊಸೈಟಿಯ ರಸೀದಿ ಪುಸ್ತಕ ಹೊಡೆದುಕೊಂಡು ಬದುಕುವವನು. ಹವಾಮಾನದ ಬಗ್ಗೆ ಉಪನ್ಯಾಸ ಕೊಡುವ ಯೋಗ್ಯತೆ ನನಗಿಲ್ಲ. ಆದರೆ ಕಾಗದದ ಮೇಲೆ ಏನು ಅಚ್ಚಾಗಿದೆ, ಯಾರು ಓದಲಿ ಎಂದು ಅಚ್ಚಾಗಿದೆ ಎಂದು ನೋಡುವುದು ನನ್ನ ಕಸುಬು. ಅದಕ್ಕೇ ಬರೆಯುತ್ತಿದ್ದೇನೆ.

ಬಿಸಿಲು ಆಫ್ ಆಗುವುದಿಲ್ಲ!

2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಪಿಎಂ ಸೂರ್ಯಘರ್ ಯೋಜನೆ ತಂದಿತು. ಮನೆಯ ಮಾಡಿನ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ. ಪ್ರೆಸ್ಸಿನ ಹಿಂದಿನ ನಮ್ಮ ಮನೆಗೆ ನಾನೂ ಹಾಕಿಸಿದೆ. ಬಂದವರು ಎಂಟು ಪ್ಯಾನೆಲ್ ಕೂರಿಸಿದರು, ಇಂಗ್ಲಿಷಿನ ಕರಾರುಪತ್ರಕ್ಕೆ ಸಹಿ ಹಾಕಿಸಿಕೊಂಡರು, ಇಂಗ್ಲಿಷಿನ ದಪ್ಪ ಪುಸ್ತಕ ಕೈಗಿತ್ತು ಹೋದರು.

ಮಳೆಗಾಲ ಬಂತು. ನಮ್ಮ ಕರಾವಳಿಯ ಮಳೆ ನಿಮಗೆ ಗೊತ್ತಲ್ಲ. ಲೈನ್ ಮೇಲೆ ಮರ ಬಿತ್ತು, ಕರೆಂಟು ಹೋಯಿತು. ಮಾರನೇ ದಿನ ರಣಬಿಸಿಲು. ಆದರೂ ಮನೆಯಲ್ಲಿ ದೀಪ ಹತ್ತಲಿಲ್ಲ! ಸೋಲಾರ್ ಇದ್ದೂ ಕತ್ತಲೆ! ಮೋಸ ಹೋದೆ ಎಂದು ಕೂಗಾಡಿದೆ. ಆಮೇಲೆ ತಿಳಿಯಿತು: ಬ್ಯಾಟರಿಯಿಲ್ಲದೆ ಗ್ರಿಡ್‌ಗೆ ಜೋಡಿಸಿದ ಸೋಲಾರ್, ಗ್ರಿಡ್ ಹೋದ ಕೂಡಲೇ ತಾನೂ ನಿಲ್ಲಬೇಕು. ಇಲ್ಲದಿದ್ದರೆ ನಮ್ಮ ಮನೆಯ ಕರೆಂಟು ಲೈನಿಗೆ ನುಗ್ಗಿ, ಕಂಬ ಹತ್ತಿದ ಲೈನ್‌ಮನ್ ಸಾಯುತ್ತಾನೆ. ಎಷ್ಟು ಒಳ್ಳೆಯ ಏರ್ಪಾಡು! ಅದನ್ನು ಕನ್ನಡದಲ್ಲಿ ಎರಡು ಸಾಲು ಬರೆದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಅದೇ ದಿನ ನನ್ನ ಪ್ರೆಸ್ಸಿನ ಹುಡುಗ ಪ್ಯಾನೆಲ್ ಒರೆಸಲು ಏಣಿ ಹತ್ತಿದ. ಒಂದು ಕಡೆ ವೈರಿನ ಜಾಯಿಂಟ್ ಬಿಟ್ಟುಕೊಂಡಿತ್ತು. 'ಹೇಗೂ ಕರೆಂಟಿಲ್ಲವಲ್ಲ' ಎಂದು ಸರಿಮಾಡಲು ಕೈಹಾಕಿದ. ಪಕ್ಕದ ಮನೆಗೆ ಬಂದಿದ್ದ ಎಲೆಕ್ಟ್ರಿಷಿಯನ್ ಕೆಳಗಿನಿಂದ ಚೀರಿದ: "ಏ, ಮುಟ್ಬೇಡ್ವೋ ಮಾರಾಯಾ!" ಹುಡುಗ ಉಳಿದ.

ಯಾಕೆ ಗೊತ್ತೇ? ಮೇನ್ ಆಫ್ ಮಾಡಿದರೂ ಬಿಸಿಲು ಆಫ್ ಆಗುವುದಿಲ್ಲ. ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್ ವೈರಿನಲ್ಲಿ ಡಿಸಿ ಕರೆಂಟು ಇದ್ದೇ ಇರುತ್ತದೆ. ಎಂಟು ಪ್ಯಾನೆಲ್ ಸಾಲಾಗಿ ಜೋಡಿಸಿದರೆ ಮುನ್ನೂರು ವೋಲ್ಟಿಗೂ ಮೇಲೆ! ಎಚ್ಚರಿಕೆಯ ಸ್ಟಿಕ್ಕರ್ ಅಲ್ಲೇ ಅಂಟಿಸಿತ್ತು ಸ್ವಾಮಿ. ಒಂದು ಇಂಗ್ಲಿಷಿನಲ್ಲಿ, ಇನ್ನೊಂದು ಚೀನೀ ಲಿಪಿಯಲ್ಲಿ. ನನ್ನ ಹುಡುಗ ಓದಿದ್ದು ಕನ್ನಡ ಶಾಲೆಯಲ್ಲಿ, ಏಳನೇ ಕ್ಲಾಸು. ಅವನ ಪ್ರಾಣಕ್ಕೆ ಬೆಲೆಯಿಲ್ಲವೇ?

ಭಾಷೆಯ ಹೋರಾಟ ಎಂದರೆ ಬರೀ ಅಭಿಮಾನದ ಮಾತು ಎಂದು ಮೂಗು ಮುರಿಯುವವರಿಗೆ ನಾನು ಆ ಏಣಿ ತೋರಿಸುತ್ತೇನೆ. ಭಾಷೆ ಎಂದರೆ ಜೀವ.

ಅಂದು ಮೆಣಸು, ಇಂದು ಕರೆಂಟು

ಇನ್ನು ನದಿಯ ಕತೆ ಕೇಳಿ. ನಮ್ಮ ಗೇರುಸೊಪ್ಪೆಯನ್ನು 16ನೇ ಶತಮಾನದಲ್ಲಿ ಆಳಿದವಳು ರಾಣಿ ಚೆನ್ನಭೈರಾದೇವಿ. ಪೋರ್ಚುಗೀಸರು ಅವಳನ್ನು 'ಕಾಳುಮೆಣಸಿನ ರಾಣಿ' ಎಂದು ಕರೆದರು. ಅಂದು ಹಡಗು ಬಂದದ್ದು ಮೆಣಸಿಗೆ. ಇಂದು ಟವರ್ ಲೈನ್ ಬಂದಿರುವುದು ಕರೆಂಟಿಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್, ಕೆಳಗೆ ಗೇರುಸೊಪ್ಪೆಯದು 240 ಮೆಗಾವ್ಯಾಟ್. ನಾಡಿಗೆ ಬೆಳಕಾಯಿತು. ಮುಳುಗಡೆಯಾದ ಮಲೆನಾಡಿನ ಕುಟುಂಬಗಳು ಹಕ್ಕುಪತ್ರಕ್ಕಾಗಿ ದಶಕಗಟ್ಟಲೆ ಕಚೇರಿ ಸುತ್ತಿದವು.

ಈಗ ಅದೇ ಕಣಿವೆಗೆ ಇನ್ನೊಂದು ಪ್ರಸ್ತಾವ ಬಂತು: 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್. ಹಗಲು ಸೋಲಾರ್ ಕರೆಂಟು ಹೆಚ್ಚಾದಾಗ ಗೇರುಸೊಪ್ಪೆಯ ನೀರನ್ನು ಮೇಲೆ ತಲಕಳಲೆಗೆ ಎತ್ತುವುದು. ನಗರಗಳಿಗೆ ಕರೆಂಟಿನ ಹಸಿವು ಹೆಚ್ಚಾದಾಗ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು. ನೀರಿನ ದೊಡ್ಡ ಬ್ಯಾಟರಿ ಅನ್ನಿ. ಆದರೆ ನೂರು ಯೂನಿಟ್ ಹಾಕಿದರೆ ವಾಪಸ್ ಬರುವುದು ಎಪ್ಪತ್ತೈದು, ಹೆಚ್ಚೆಂದರೆ ಎಂಬತ್ತು. ಜಾಗ ಸಿಂಗಳೀಕಗಳ ಅಭಯಾರಣ್ಯದ ಒಳಗೆ. ಹೋಗುವುದು ಸಾವಿರಾರು ಮರ. 2025ರ ಸೆಪ್ಟೆಂಬರ್‌ನಲ್ಲಿ ಕಾರ್ಗಲ್‌ನಲ್ಲೂ ಗೇರುಸೊಪ್ಪೆಯಲ್ಲೂ ಸಾರ್ವಜನಿಕ ಅಹವಾಲು ನಡೆಯಿತು. ಜನ ಎದ್ದು ನಿಂತು ವಿರೋಧಿಸಿದರು.

ಯೋಜನೆ ಬೇಕೋ ಬೇಡವೋ, ಅದು ಬೇರೆ ವಾದ. ನನ್ನ ಪ್ರಶ್ನೆ ಅಚ್ಚಿನದು. 2006ರ ಪರಿಸರ ಅಧಿಸೂಚನೆ ಏನು ಹೇಳುತ್ತದೆ? ಪರಿಸರ ವರದಿಯ ಸಾರಾಂಶ ಮಾತ್ರ ಸ್ಥಳೀಯ ಭಾಷೆಯಲ್ಲಿ ಇದ್ದರೆ ಸಾಕು ಎನ್ನುತ್ತದೆ. ನೂರಾರು ಪುಟದ ಪೂರ್ತಿ ವರದಿ ಕನ್ನಡದಲ್ಲಿ ಕೊಡಲೇಬೇಕೆಂಬ ಕಡ್ಡಾಯವಿಲ್ಲ! ಸುರಂಗ ಎಲ್ಲಿ ಕೊರೆಯುತ್ತಾರೆ, ಮಣ್ಣು ಎಲ್ಲಿ ಸುರಿಯುತ್ತಾರೆ ಎಂಬ ವಿವರವೆಲ್ಲ ಪೂರ್ತಿ ವರದಿಯಲ್ಲಿ. ನದಿ ದಂಡೆಯ ಅಜ್ಜಿಗೆ ಸಿಗುವುದು ಸಾರಾಂಶ. ಊಟ ಅವರಿಗೆ, ವಾಸನೆ ನಮಗೆ!

2020ರಲ್ಲಿ ಈ ಅಧಿಸೂಚನೆಯನ್ನೇ ಬದಲಿಸಲು ಹೊರಟ ಕೇಂದ್ರ ಸರ್ಕಾರ ಕರಡು ಹೊರಡಿಸಿದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕನ್ನಡ ಎಲ್ಲಿ? ಆ ಜೂನ್‌ನಲ್ಲಿ ದೆಹಲಿ ಹೈಕೋರ್ಟು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ಅನುವಾದಿಸಿ ಎಂದಿತು. ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟು, ಕನ್ನಡದಲ್ಲಿ ಸಾಕಷ್ಟು ಪ್ರಚಾರವಾಗಿಲ್ಲವೆಂದು ಅಂತಿಮ ಅಧಿಸೂಚನೆಗೆ ತಾತ್ಕಾಲಿಕ ತಡೆ ಹಾಕಿತು. ನ್ಯಾಯಾಲಯಕ್ಕೆ ಅರ್ಥವಾದದ್ದು ಅಧಿಕಾರಿಗಳ ತಲೆಗೆ ಹೋಗುವುದಿಲ್ಲವೇ?

"ತಾಂತ್ರಿಕ ವಿಷಯ ಕನ್ನಡದಲ್ಲಿ ಆಗೋಲ್ಲ ಕಣ್ರೀ"

ಈ ರಾಗ ಹಳೆಯದು. ಕಂಪ್ಯೂಟರಿನಲ್ಲಿ ಕನ್ನಡ ಆಗುವುದಿಲ್ಲ ಎಂದೂ ಅಂದಿದ್ದರು. ಕೆ.ಪಿ. ರಾಯರು ಕೀಲಿಮಣೆ ಮಾಡಿಕೊಟ್ಟರು, ಕನ್ನಡ ಗಣಕ ಪರಿಷತ್ತು ನುಡಿ ತಂತ್ರಾಂಶ ಕೊಟ್ಟಿತು. ನನ್ನಂಥ ಪಿಯುಸಿಯವನೂ ಅದರಲ್ಲಿ ಅನ್ನ ಉಂಡ.

ಕಠಿಣ ಪದ ಬೇಡ ಮಾರಾಯರೇ! ಫೇಸು, ನ್ಯೂಟ್ರಲ್, ಅರ್ತಿಂಗ್ ಎಂದೇ ಬರೆಯಿರಿ. ನಮ್ಮ ವೈರಿಂಗ್ ಹುಡುಗರು ಆಡುವುದೇ ಹಾಗೆ. ಆದರೆ ಕನ್ನಡ ಅಕ್ಷರದಲ್ಲಿ ಬರೆಯಿರಿ. ನಮ್ಮೂರಲ್ಲಿ ಕೊಂಕಣಿ, ನವಾಯತಿ, ಹವ್ಯಕ, ಹಾಲಕ್ಕಿ ಎಲ್ಲ ಮಾತೂ ಇದೆ. ಎಲ್ಲರೂ ಕೂಡಿ ಓದುವ ಅಕ್ಷರ ಕನ್ನಡದ್ದು.

ಖರ್ಚು ಅನ್ನುತ್ತೀರಾ? ಖರ್ಚಿನ ಲೆಕ್ಕ ನನ್ನ ಹತ್ತಿರ ಬೇಡ. ಆ ಹುಡುಗ ಉಳಿದ ಮಾರನೇ ದಿನ ನಾನೇ ಹಳದಿ ಸ್ಟಿಕ್ಕರ್ ಹೊಡೆದೆ: 'ಬಿಸಿಲಿದ್ದರೆ ಕರೆಂಟಿದೆ, ಮುಟ್ಟಬೇಡಿ.' ಒಂದಕ್ಕೆ ಬಿದ್ದ ಖರ್ಚು ಒಂದು ಚಾದ ಬೆಲೆಗಿಂತ ಕಡಿಮೆ. ನೂರೇ ನೂರು ಹೊಡೆದವನಿಗೆ ಇಷ್ಟಾದರೆ, ಲಕ್ಷಗಟ್ಟಲೆ ಹೊಡೆಯುವ ಕಂಪನಿಗೆ ಎಷ್ಟು?

ಪೋರ್ಚುಗಲ್ಲಿನ ಜನಸಂಖ್ಯೆ ಒಂದು ಕೋಟಿಯ ಆಸುಪಾಸು. ಐರೋಪ್ಯ ಒಕ್ಕೂಟದ ಕಾನೂನಿನಂತೆ ಅಲ್ಲಿ ವಿದ್ಯುತ್ ಉಪಕರಣ ಮಾರುವವರು ಸುರಕ್ಷತೆಯ ಸೂಚನೆಗಳನ್ನು ಅಲ್ಲಿನ ಜನಕ್ಕೆ ಅರ್ಥವಾಗುವ ಭಾಷೆಯಲ್ಲಿ ಕೊಡಲೇಬೇಕು. 2011ರ ಜನಗಣತಿಯ ಪ್ರಕಾರ ಕನ್ನಡ ಮನೆಮಾತಿನವರೇ 4.37 ಕೋಟಿ. ಒಂದು ಕೋಟಿಗೆ ಅಚ್ಚು ಹಾಕುವುದು ಮಾಮೂಲು, ನಾಲ್ಕು ಕೋಟಿಗೆ ಕಷ್ಟವೇ? ಅಲ್ಲಿ ಕಾನೂನು ಬಿಗಿಯಾಗಿದೆ. ಇಲ್ಲಿ ನಾವು ಸಡಿಲವಾಗಿದ್ದೇವೆ. ಅಷ್ಟೇ!

ಬೋರ್ಡು ಗೆದ್ದಿರಿ, ಒಳಗೆ ಬನ್ನಿ

2017ರಲ್ಲಿ ನಮ್ಮ ಮೆಟ್ರೋದ ಹಿಂದಿ ಫಲಕಗಳ ವಿರುದ್ಧ ನೀವು ಎದ್ದಿರಿ, ಫಲಕ ಬದಲಾಯಿತು. ಶಹಭಾಷ್! ಆದರೆ ಬೋರ್ಡು ಬಾಗಿಲು ಮಾತ್ರ. ಟೆಂಡರು, ಕರಾರು, ಆ್ಯಪು, ಎಚ್ಚರಿಕೆಯ ಚೀಟಿ, ತರಬೇತಿಯ ಪುಸ್ತಕ, ಇವೆಲ್ಲ ಮನೆಯ ಒಳಗಿವೆ. ಅಲ್ಲಿ ಕನ್ನಡವಿಲ್ಲದಿದ್ದರೆ ನಾಳೆಯ ಹಸಿರು ನಗರದಲ್ಲಿ ಕನ್ನಡದ ಹುಡುಗ ಪ್ಯಾನೆಲ್ ಒರೆಸುವವನೇ ಹೊರತು ಕೂರಿಸುವವನಾಗುವುದಿಲ್ಲ.

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು, ಬಳಕೆಯ ಸೂಚನೆ ಕನ್ನಡದಲ್ಲಿರಬೇಕು ಎನ್ನುತ್ತದೆ. ಹೊರಗಿನಿಂದ ಬರುವ ಇನ್ವರ್ಟರಿಗೆ? ಅಲ್ಲಿದೆ ತೂತು. ಆ ತೂತು ಮುಚ್ಚುವ ದಾರಿ ಟೆಂಡರ್ ಮತ್ತು ಸಬ್ಸಿಡಿ. ನಮ್ಮ ತೆರಿಗೆ ಹಣ ಮುಟ್ಟುವ ಪ್ರತಿ ಸೋಲಾರ್, ಪ್ರತಿ ಎಲೆಕ್ಟ್ರಿಕ್ ಬಸ್ಸು, ಪ್ರತಿ ಚಾರ್ಜಿಂಗ್ ಪೆಟ್ಟಿಗೆಗೆ ಒಂದೇ ಷರತ್ತು: ಕನ್ನಡ ಕೈಪಿಡಿ, ಕನ್ನಡ ಎಚ್ಚರಿಕೆ. ಇಲ್ಲದಿದ್ದರೆ ಬಿಲ್ಲು ಪಾಸಾಗಬಾರದು! ಅಹವಾಲು ಸಭೆಗೆ ಮುನ್ನ ಪೂರ್ತಿ ವರದಿ ಕನ್ನಡದಲ್ಲಿ ಸಿಗಬೇಕು. ಐಟಿಐ ಹುಡುಗರಿಗೆ ಈ ವಿದ್ಯೆ ಕನ್ನಡದಲ್ಲಿ ಸಿಗಬೇಕು.

ಕಂಪನಿಗಳಲ್ಲಿ ಕೂತ ಕನ್ನಡದ ಇಂಜಿನಿಯರುಗಳೇ, ನೀವು ದಿನಾ ಓದುವ ಆ ಇಂಗ್ಲಿಷ್ ಕೈಪಿಡಿಯ ಹತ್ತು ಪುಟ ಕನ್ನಡಕ್ಕೆ ತನ್ನಿ. ಅಚ್ಚು ಹಾಕುವ ಪ್ರೆಸ್ಸು ಪ್ರತಿ ತಾಲ್ಲೂಕಿನಲ್ಲಿದೆ. ಕನ್ನಡದ ತಾಯಿ ಭುವನೇಶ್ವರಿಯ ಗುಡಿ ಇರುವುದು ನಮ್ಮ ಜಿಲ್ಲೆಯ ಭುವನಗಿರಿಯಲ್ಲಿ. ಅವಳಿಗೆ ನವೆಂಬರಿನಲ್ಲಿ ಹೂವು ಹಾಕಿದರೆ ಸಾಲದು.

ನನ್ನ ಸ್ಟಿಕ್ಕರಿನ ಕಟ್ಟು ಇನ್ನೂ ಮುಗಿದಿಲ್ಲ. ಮುಗಿದರೆ ಮತ್ತೆ ಹೊಡೆಯುತ್ತೇನೆ. ಆದರೆ ಅದು ನನ್ನ ಕೆಲಸವಲ್ಲ, ಅವರ ಕೆಲಸ. ಅವರಿಂದ ಮಾಡಿಸುವುದು ನಿಮ್ಮ ಕೆಲಸ. ಏಳಿ!