ಬಿಡಿಭಾಗಗಳ ಗಡಿಯಾರ

ಶ್ರೀಮಠದ ಭಕ್ತರೊಬ್ಬರು ತಮ್ಮ ಮಗನ ವಿಷಯವಾಗಿ ಪ್ರಶ್ನೆಯೊಂದನ್ನು ಕೇಳಿ ಕಳುಹಿಸಿದ್ದಾರೆ. ಯಂತ್ರವಿದ್ಯೆ ಓದಿದ ಆ ತರುಣನು ಬಿಡಿಭಾಗಗಳನ್ನು ತರಿಸಿಕೊಂಡು, ಕಡಲಲ್ಲಿ ಮುಳುಗುವವರು ಹಿಂದೆ ಧರಿಸುತ್ತಿದ್ದಂತಹ ಕೈಗಡಿಯಾರವೊಂದನ್ನು ತಾನೇ ಜೋಡಿಸಲು ಹೊರಟಿದ್ದಾನೆ. ಅಜ್ಜನ ಎಚ್.ಎಂ.ಟಿ. ಗಡಿಯಾರವನ್ನು ಬಿಚ್ಚಿ ಅದರ ಒಳಯಂತ್ರವನ್ನು ಇದಕ್ಕೆ ಬಳಸಬೇಕೆಂಬುದು ಅವನ ಇಚ್ಛೆ. ಡಯಲಿನ ಮೇಲೆ ಹೆಸರಾಂತ ಸ್ವಿಸ್ ಕಂಪನಿಯ ಹೆಸರಿರಲಿ ಎಂಬುದು ಗೆಳೆಯರ ಸಲಹೆ. ತಂದೆಗೆ ಇದೆಲ್ಲವೂ ಹಣ ಮತ್ತು ಹೊತ್ತಿನ ವ್ಯಯವೆಂದು ತೋರಿದೆ. ಪ್ರಶ್ನೆ ಚಿಕ್ಕದಾದರೂ ವಿಚಾರಿಸತಕ್ಕ ಅಂಶಗಳು ಅದರಲ್ಲಿ ಹಲವಿವೆ.

ಈ ಬಗೆಯ ಗಡಿಯಾರ ಹುಟ್ಟಿದ್ದು ಅಲಂಕಾರಕ್ಕಾಗಿ ಅಲ್ಲ. ಎರಡನೆಯ ಮಹಾಯುದ್ಧದ ತರುವಾಯ ಫ್ರಾನ್ಸಿನ ಮುಳುಗುಯೋಧರ ದಳಕ್ಕೆ ನೀರಿನಡಿಯಲ್ಲಿ ನಂಬತಕ್ಕ ಗಡಿಯಾರ ಬೇಕಾಯಿತು. ದಳದ ನಾಯಕ ರಾಬರ್ಟ್ ಮಲೂಬಿಯೆ ಅವರ ಅಪೇಕ್ಷೆಗೆ ಒಪ್ಪುವಂತೆ ಸ್ವಿಟ್ಜರ್‌ಲೆಂಡಿನ ಬ್ಲಾಂಕ್‌ಪೇನ್ ಸಂಸ್ಥೆಯು 1953ರಲ್ಲಿ ಒಂದನ್ನು ಸಿದ್ಧಪಡಿಸಿತು. ಅದರ ಹೆಸರಿನ ಅರ್ಥ ನಮ್ಮ ಮಾತಿನಲ್ಲಿ ‘ಐವತ್ತು ಮಾರು’, ಅಂದರೆ ಸುಮಾರು 91 ಮೀಟರ್ ಆಳ. ರೋಲೆಕ್ಸ್ ಸಂಸ್ಥೆಯ ಸಬ್‌ಮರೀನರ್ ಸಹ ಅದೇ ಕಾಲದ್ದು. ಜಪಾನಿನ ಸೀಕೊ 1965ರಲ್ಲಿ 150 ಮೀಟರ್ ಆಳದ ಗಡಿಯಾರವನ್ನು ಹೊರತಂದಿತು.

ಗಾಜಿನ ಸುತ್ತಲಿರುವ, ತಿರುಗುವ ಬಳೆಯೇ ಇದರ ಜೀವಾಳ. ಮುಳುಗುವ ಮುನ್ನ ಬಳೆಯ ಗುರುತನ್ನು ನಿಮಿಷದ ಮುಳ್ಳಿನ ನೇರಕ್ಕೆ ತಂದರೆ, ಬೆನ್ನಿನ ಸಿಲಿಂಡರಿನ ಗಾಳಿಯನ್ನು ಉಸಿರಾಡಿ ಎಷ್ಟು ನಿಮಿಷಗಳಾದವೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಇಂದಿನ ಗಡಿಯಾರಗಳಲ್ಲಿ ಈ ಬಳೆ ಎಡಕ್ಕೆ ಮಾತ್ರ ತಿರುಗುತ್ತದೆ. ಬಂಡೆಗೆ ತಾಗಿ ಅದು ಸರಿದರೂ, ಕಳೆದ ಹೊತ್ತು ಇದ್ದುದಕ್ಕಿಂತ ಹೆಚ್ಚಾಗಿ ಕಂಡೀತೇ ವಿನಾ ಕಡಿಮೆಯಾಗಿ ಕಾಣದು. ಮುಳುಗಿದವನು ಬೇಗ ಮೇಲೇರುತ್ತಾನೆ, ಬದುಕುತ್ತಾನೆ. ಇಷ್ಟು ಸಣ್ಣ ಹಲ್ಲಿನ ಏರ್ಪಾಟಿನಲ್ಲಿ ಅಷ್ಟೊಂದು ವಿವೇಕವನ್ನಿಟ್ಟವರನ್ನು ಮೆಚ್ಚದೆ ಇರಲಾಗದು.

ಇನ್ನು ಜೋಡಣೆಯ ಮಾತು. ಸೀಕೊದವರ ಎನ್.ಎಚ್. 35 ಎಂಬ ಯಂತ್ರವನ್ನು ಹವ್ಯಾಸಿಗಳು ಹೆಚ್ಚಾಗಿ ಬಳಸುತ್ತಾರೆ. 24 ಹರಳುಗಳು, ಗಂಟೆಗೆ 21,600 ಮಿಡಿತ, ತೋಳಿನ ಚಲನೆಯಿಂದಲೇ ಕೀಲಿ ಏರಿಸಿಕೊಳ್ಳುವ ಗುಣ; ಪೂರ್ತಿ ಕೀಲಿ ಏರಿದ ಮೇಲೆ ಬಿಚ್ಚಿಟ್ಟರೂ ಸುಮಾರು 41 ಗಂಟೆ ನಡೆಯುತ್ತದೆ. ಆದರೆ ಭಾಗಗಳೆಲ್ಲ ಒಂದಕ್ಕೊಂದು ಹೊಂದುತ್ತವೆಂದು ಭ್ರಮಿಸಬಾರದು. ಕೀಲಿಗುಂಡಿ ನಾಲ್ಕರ ಬಳಿ ಇರುವ ಕೇಸಿಗೆ, ಮೂರರ ಬಳಿ ಇರುವುದಕ್ಕಾಗಿ ಮಾಡಿದ ಡಯಲ್ ಕೂಡುವುದಿಲ್ಲ. ಬೆನ್ನಿನ ಕಾಲುಗಳ ಸ್ಥಾನವೇ ಬೇರೆ. ಗಂಟೆಯ ಮುಳ್ಳಿನ ರಂಧ್ರ 1.5 ಮಿಲಿಮೀಟರ್, ನಿಮಿಷದ್ದು 0.9, ಸೆಕೆಂಡಿನದು 0.2. ಈ ಕೊನೆಯದನ್ನು ಕೂರಿಸುವಾಗಲೇ ಕೈಯ ಸ್ಥೈರ್ಯ ಪರೀಕ್ಷೆಗೊಳಗಾಗುತ್ತದೆ. ತಾರೀಖು ಬದಲಾಗುವ ಕ್ಷಣದವರೆಗೆ ಯಂತ್ರವನ್ನು ತಿರುಗಿಸಿ, ಆ ಬಳಿಕವೇ ಮುಳ್ಳುಗಳನ್ನು ಹನ್ನೆರಡಕ್ಕೆ ಇಡಬೇಕು. ಇಲ್ಲವಾದರೆ ತಾರೀಖು ನಡುಹಗಲಿನಲ್ಲಿ ಹೊರಳೀತು. ಕೀಲಿಯ ಕಡ್ಡಿಯನ್ನು ಸ್ವಲ್ಪಸ್ವಲ್ಪವಾಗಿಯೇ ಕತ್ತರಿಸತಕ್ಕದ್ದು. ಗಾಜಿನೊಳಗೆ ಒಂದು ಧೂಳಿನ ಕಣ ಉಳಿದರೂ ಮತ್ತೆ ಬಿಚ್ಚಬೇಕು. ಮಗನು ಹೀಗೆ ಸಂಜೆಯೆಲ್ಲ ತಲೆತಗ್ಗಿಸಿ ಕುಳಿತಿದ್ದರೆ ಅದನ್ನು ಹೊತ್ತಿನ ವ್ಯಯವೆನ್ನಲು ನನ್ನ ಮನಸ್ಸು ಒಪ್ಪದು. ಇದನ್ನು ಕಾಯಕವೆನ್ನಬೇಕೆ? ಆ ಪದಕ್ಕೆ ದಾಸೋಹದ ನಂಟುಂಟು. ವಿನೋದಕ್ಕೆಲ್ಲ ಅದನ್ನು ಅಂಟಿಸುವ ಇಂದಿನ ರೂಢಿ ನನಗೆ ರುಚಿಸದು. ಆದರೆ ಕಾಯಕಕ್ಕೆ ಬೇಕಾದ ಏಕಾಗ್ರತೆಯನ್ನು ಇದು ಕಲಿಸೀತು.

ತಾಯಂದಿರು ಗಮನಿಸಬೇಕಾದ ಸಂಗತಿಯೊಂದಿದೆ. ಪ್ರಾಚೀನತೆಯ ಮೋಹದಿಂದ ನಿಜವಾದ ಹಳೆಯ ಡಯಲುಗಳನ್ನೂ ಮುಳ್ಳುಗಳನ್ನೂ ಕೊಂಡು ತರುವವರಿದ್ದಾರೆ. ಹಿಂದೆ ಕತ್ತಲಲ್ಲಿ ಹೊಳೆಯಲೆಂದು ಅವಕ್ಕೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಅಮೆರಿಕದಲ್ಲಿ ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡುತ್ತ ಆ ಬಣ್ಣ ಬಳಿದ ಎಷ್ಟೋ ಹೆಣ್ಣುಮಕ್ಕಳು 1920ರ ದಶಕದಲ್ಲಿ ದವಡೆಯೆಲುಬು ಕೊಳೆತು ನರಳಿ ಸತ್ತರು. ಹೊಳಪು ಕೆಲವು ದಶಕಗಳಲ್ಲಿ ಆರುತ್ತದೆ. ರೇಡಿಯಂ ಮಾತ್ರ ಅರ್ಧದಷ್ಟು ಕ್ಷಯಿಸಲು 1,600 ವರ್ಷ ಬೇಕು. ಹೊಳೆಯುವುದಿಲ್ಲವೆಂಬ ಧೈರ್ಯದಿಂದ ಅದನ್ನು ಮನೆಯಲ್ಲಿ ಕೆರೆಯಬಾರದು. ಆ ಪುಡಿ ಮಕ್ಕಳ ಉಸಿರಿಗೆ ಸೇರಬಾರದು. ಇಂದಿನ ಹೊಳಪುಬಣ್ಣದಲ್ಲಿ ವಿಕಿರಣವಿಲ್ಲ. ಹಳತಿನಂತೆ ಕಾಣಲೆಂದು ಕೆನೆಬಣ್ಣ ಬೆರೆಸಿದ್ದೂ ದೊರೆಯುತ್ತದೆ; ಅದೇ ಸಾಕು.

ಹಳತಿನಂತೆ ಕಾಣುವುದು ವೇಷ. ವೇಷವೆಂದು ಎಲ್ಲರೂ ಬಲ್ಲರಾದರೆ ದೋಷವಿಲ್ಲ. ಪರರ ಹೆಸರನ್ನು ಅಚ್ಚೊತ್ತಿಸುವುದು ಹಾಗಲ್ಲ. ತಾನೇ ಧರಿಸುವೆ, ಮಾರುವುದಿಲ್ಲ ಎನ್ನಬಹುದು; ಗಡಿಯಾರವು ಕೈಯಿಂದ ಕೈಗೆ ದಾಟುವ ವಸ್ತು, ಮೂರನೆಯ ಕೈಗೆ ಹೋದಾಗ ಆ ಮಾತನ್ನು ಹೇಳಲು ಇವನಿರುವುದಿಲ್ಲ. ಎಚ್.ಎಂ.ಟಿ.ಯ ಹಳೆಯ ಗಡಿಯಾರಗಳಿಗೂ ಹೊಸದಾಗಿ ಬಣ್ಣದ ಡಯಲ್ ಅಚ್ಚು ಹಾಕಿ, ಮೂಲದ್ದೇ ಎಂದು ಮಾರುವ ವ್ಯಾಪಾರ ನಡೆದೇ ಇದೆ. ಕಾರ್ಖಾನೆ ಎಂದೂ ಮಾಡದ ಬಣ್ಣಗಳಿಗೆ ಜನ ಹಣ ತೆರುತ್ತಿದ್ದಾರೆ.

ಅಜ್ಜನ ಗಡಿಯಾರದ ವಿಷಯದಲ್ಲಿ ನಾನು ತಂದೆಯ ಪಕ್ಷ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಮೊದಲಾದ ಆ ಕಾರ್ಖಾನೆಯ ಪರಂಪರೆಗೆ 2016ರಲ್ಲಿ ಕೇಂದ್ರ ಸರ್ಕಾರವು ತೆರೆ ಎಳೆಯಿತು. ಅದನ್ನು ಬಿಚ್ಚಿದರೂ ಲಾಭವಿಲ್ಲ: ಡಯಲಿನ ಕಾಲು, ಮುಳ್ಳಿನ ರಂಧ್ರ, ಕೀಲಿಕಡ್ಡಿ ಯಾವುದೂ ಸೀಕೊ ಅಳತೆಯ ಕೇಸಿಗೆ ಹೊಂದದು. ಒಂದು ಗಡಿಯಾರ ಕೆಟ್ಟೀತು, ಇನ್ನೊಂದು ಆಗದು. ಎಣ್ಣೆ ಹಾಕಿಸಿ, ದಿನವೂ ಮುಂಜಾನೆ ಕೀಲಿ ಕೊಟ್ಟರೆ ಅದು ಅಜ್ಜನ ಗಡಿಯಾರವಾಗಿಯೇ ನಡೆದೀತು.

ಹೊಸದನ್ನು ಕಟ್ಟಿ ಮುಗಿಸಿದ ಮೇಲೆ ಅದನ್ನು ತೊಟ್ಟು ಕೂಡಲೇ ಹೊಳೆಗೆ ಇಳಿಯದಿರಲಿ. ಪ್ರತಿ ಹತ್ತು ಮೀಟರ್ ಆಳಕ್ಕೂ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ಕೇಸಿನ ಮೇಲೆ 200 ಮೀಟರ್ ಎಂದು ಕೆತ್ತಿದ್ದರೂ, ರಬ್ಬರ್ ಉಂಗುರವು ಕೂದಲೆಳೆಯಷ್ಟು ಓರೆಯಾದರೆ ಬಕೆಟ್ಟಿನ ನೀರೂ ಒಳಹೊಕ್ಕೀತು. ಉಂಗುರಕ್ಕೆ ಸಿಲಿಕೋನ್ ಗ್ರೀಸು ಸವರಿ, ಒತ್ತಡ ಪರೀಕ್ಷಿಸುವ ಯಂತ್ರವುಳ್ಳ ಗಡಿಯಾರದಂಗಡಿಯಲ್ಲಿ ಮೊದಲು ತೋರಿಸಲಿ.