ಎರಡನೆಯ ಸೈಕಲ್ಲು



ಕಳೆದ ವರ್ಷ ಮುಂಗಾರಿಗೆ ಮುನ್ನ, ಕೋಟಗಿರಿಯ ನಮ್ಮ ಅಕ್ಕನ ಮನೆಯ ಜಗಲಿಯಲ್ಲಿ ಒಂದು ಪಂಚಾಯಿತಿ ಸೇರಿತ್ತು. ವಾದಿ ನನ್ನ ಅಕ್ಕ. ಪ್ರತಿವಾದಿ ಆಕೆಯ ಮಗ. ವಿವಾದದ ವಸ್ತು, ಇನ್ನೂ ಮನೆಗೆ ಬಾರದ ಒಂದು ಸೈಕಲ್ಲು. ತೀರ್ಪು ಹೇಳುವ ಭಾರ ನನ್ನದಾಗಿತ್ತು.

“ಇರುವುದು ಎರಡೇ ಕಾಲು. ಅದಕ್ಕೆ ಎರಡು ಸೈಕಲ್ಲು ಏಕೆಂದು ನೀನಾದರೂ ಕೇಳೋ,” ಎಂದಳು ಅಕ್ಕ.

ಅಳಿಯನ ಬಳಿ ಆಗಲೇ ಒಂದು ಬೆಟ್ಟದ ಸೈಕಲ್ಲು ಇತ್ತು. ಮುಂದೆಯೂ ಹಿಂದೆಯೂ ಆಘಾತವನ್ನು ನುಂಗುವ ಯಂತ್ರವುಳ್ಳದ್ದು. ಫುಲ್ ಸಸ್ಪೆನ್ಷನ್ ಎಂದು ಅದರ ಹೆಸರು. ಮೂರು ವರ್ಷ ಕೂಡಿಟ್ಟ ಹಣದಲ್ಲಿ ಈಗ ಅದಕ್ಕಿಂತಲೂ ಭಾರಿಯಾದ, ಇನ್ನೂ ಉದ್ದದ ಶಾಕ್ ಇರುವ ಮತ್ತೊಂದನ್ನು ಕೊಳ್ಳುವುದು ಅವನ ಆಸೆ. ಅದೇ ಜಗಲಿಯ ಮೇಲಿನ ಸೂರು ಎರಡು ಮಳೆಗಾಲಗಳಿಂದ ಸೋರುತ್ತಿತ್ತು. ಅಕ್ಕ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಒಮ್ಮೆ ತಲೆಯೆತ್ತಿ ನೋಡಿದಳು, ಅಷ್ಟೆ.

ನಾನು ಸೈಕಲ್ಲಿನಲ್ಲಿ ಶಾಲೆಗೆ ಹೋಗಿ ಪಾಠ ಹೇಳಿ ನಿವೃತ್ತನಾದವನು. ನಮ್ಮ ಕಾಲದಲ್ಲಿ ಏರಿನಲ್ಲಿ ಸೈಕಲ್ಲನ್ನು ನಾವು ನೂಕುತ್ತಿದ್ದೆವು, ಇಳಿಜಾರಿನಲ್ಲಿ ಅದು ನಮ್ಮನ್ನು ಹೊರುತ್ತಿತ್ತು. ಆದುದರಿಂದ ತೀರ್ಪು ಕೊಡುವ ಮೊದಲು ಈ ಹೊಸ ಸೈಕಲ್ಲುಗಳ ವಿಚಾರವನ್ನು ಅಳಿಯನಿಂದಲೇ ಕೇಳಿ, ಓದಿ, ತಿಳಿದುಕೊಂಡೆ. ತಿಳಿದುದರಲ್ಲಿ ಸಾರವಾದುದನ್ನು ತಮ್ಮ ಮುಂದಿಡುತ್ತೇನೆ. ಏಕೆಂದರೆ ಇಂಥ ಆಸೆ ಇಂದು ಅನೇಕ ಮನೆಗಳ ಮಕ್ಕಳಲ್ಲಿದೆ.

ಬೆಟ್ಟದ ಸೈಕಲ್ಲಿನ ಮೂಲ ಬಲು ಸರಳವಾದುದು. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಪ್ರಾಂತದಲ್ಲಿ ಕೆಲವು ತರುಣರು ದಪ್ಪ ಟಯರಿನ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಒಯ್ದು ಮಣ್ಣುದಾರಿಯಲ್ಲಿ ಇಳಿಯುವ ಪಂದ್ಯ ಹೂಡಿದರು. ಆ ಸೈಕಲ್ಲುಗಳ ಬ್ರೇಕು ಹಿಂದಿನ ಚಕ್ರದ ಗುಂಬದೊಳಗೆ ಇರುತ್ತಿತ್ತು. ಇಳಿದು ಮುಗಿಯುವಷ್ಟರಲ್ಲಿ ಅದರ ಗ್ರೀಸು ಕಾದು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ತುಂಬಬೇಕು. ಅದರಿಂದಲೇ ಆ ದಾರಿಗೆ ‘ರೀಪ್ಯಾಕ್’ ಎಂಬ ಹೆಸರು ಬಂದಿತು. 1977ರಲ್ಲಿ ಜೋ ಬ್ರೀಝ್ ಎಂಬಾತ ಇದಕ್ಕೆಂದೇ ಫ್ರೇಮುಗಳನ್ನು ಕಟ್ಟಿದ. ಅವುಗಳಲ್ಲಿ ಸಸ್ಪೆನ್ಷನ್ ಎಂಬುದಿರಲಿಲ್ಲ. ಆಘಾತವನ್ನು ನುಂಗುತ್ತಿದ್ದುದು ಸವಾರನ ಮೊಣಕಾಲು, ಮೊಣಕೈ. ಮುಂದಿನ ಫೋರ್ಕಿಗೆ ಸಸ್ಪೆನ್ಷನ್ ಕೂಡಿಸುವುದು ಬಳಕೆಗೆ ಬಂದುದು 1990ರ ಆಸುಪಾಸಿನಲ್ಲಿ. ಹಿಂದಿನ ಚಕ್ರಕ್ಕೂ ಅದು ವ್ಯಾಪಕವಾದುದು ಇನ್ನೂ ತಡವಾಗಿ.

ಮುಂದೆ ಮಾತ್ರ ಸಸ್ಪೆನ್ಷನ್ ಇದ್ದು ಹಿಂಭಾಗ ಗಟ್ಟಿಯಾಗಿರುವ ಸೈಕಲ್ಲಿಗೆ ಹಾರ್ಡ್‌ಟೇಲ್ ಎನ್ನುತ್ತಾರೆ. ಇದು ಹಳೆಯದೆಂದು ಮೂಗು ಮುರಿಯುವವರು ಒಂದು ಸಂಗತಿಯನ್ನು ನೆನೆಯಬೇಕು. 2012ರ ಲಂಡನ್ ಒಲಿಂಪಿಕ್ಸಿನ ಬೆಟ್ಟದ ಸೈಕಲ್ ಪಂದ್ಯದಲ್ಲಿ ಚಿನ್ನ ಗೆದ್ದ ಚೆಕ್ ದೇಶದ ಕುಲ್ಹಾವಿ ಫುಲ್ ಸಸ್ಪೆನ್ಷನ್ ಸೈಕಲ್ಲನ್ನು ತುಳಿದಿದ್ದ. ಬೆಳ್ಳಿ ಪಡೆದ ಸ್ವಿಟ್ಜರ್‌ಲೆಂಡಿನ ನೀನೊ ಶುರ್ಟರ್ ತುಳಿದಿದ್ದುದು ಹಾರ್ಡ್‌ಟೇಲ್. ಸುಮಾರು ಒಂದೂವರೆ ಗಂಟೆಯ ಓಟದ ಕೊನೆಯಲ್ಲಿ ಇಬ್ಬರ ನಡುವೆ ಇದ್ದ ಅಂತರ ಒಂದೇ ಒಂದು ಸೆಕೆಂಡು. 2016ರಲ್ಲಿ ಅದೇ ಶುರ್ಟರ್ ಫುಲ್ ಸಸ್ಪೆನ್ಷನ್ ಏರಿ ಚಿನ್ನ ಗೆದ್ದನೆಂಬುದೂ ನಿಜ. ಒಂದು ಮೇಲು, ಇನ್ನೊಂದು ಕೀಳು ಎಂಬ ಮಾತಲ್ಲ. ಒಂದೊಂದರ ಕೆಲಸ ಬೇರೆ.

ಆದುದರಿಂದ ಅಳಿಯನಿಗೆ ನಾನು ಕೇಳಿದ ಪ್ರಶ್ನೆ ಇಷ್ಟೇ: “ಇರುವ ಸೈಕಲ್ಲು ಯಾವ ಯಾವ ದಿನ ಮನೆಯಲ್ಲೇ ನಿಂತಿರುತ್ತದೆ? ಏಕೆ ನಿಂತಿರುತ್ತದೆ? ಅದನ್ನು ಬರೆದುಕೊಂಡು ಬಾ.”

ಒಂದು ವಾರದ ಮೇಲೆ ಅವನು ತಂದ ಚೀಟಿಯಲ್ಲಿ ಮೂರು ಕಾರಣಗಳಿದ್ದವು. ಮಳೆಯ ಕೆಸರು ಮೊದಲನೆಯದು. ಹಿಂದಿನ ಶಾಕಿನ ಕೀಲುಗಳಲ್ಲೆಲ್ಲ ಬೇರಿಂಗುಗಳಿವೆ; ಕೆಸರುನೀರು ಹೊಕ್ಕರೆ ಅವು ಕೀರಲು ತೊಡಗುತ್ತವೆ. ನಮ್ಮ ಕೋಟಗಿರಿಗೆ ಮುಂಗಾರಲ್ಲದೆ ಹಿಂಗಾರೂ ಉಂಟು. ಎರಡನೆಯದು ರಿಪೇರಿ. ಫೋರ್ಕನ್ನು ಸುಮಾರು 50 ಗಂಟೆಗಳ ಸವಾರಿಗೊಮ್ಮೆ ಬಿಚ್ಚಿ ಎಣ್ಣೆ ಬದಲಿಸಬೇಕು. ಹಿಂದಿನ ಶಾಕ್ ದೂರದ ಪಟ್ಟಣಕ್ಕೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಮೂರನೆಯದು, ಬೆಳಗಿನ ಒಂದು ಗಂಟೆಯ ಬಿಡುವು. ಅಷ್ಟು ಹೊತ್ತಿಗಾಗಿ ಆ ಭಾರದ ಯಂತ್ರವನ್ನು ಡಾಂಬರು ರಸ್ತೆಯ ಏರಿನಲ್ಲಿ ತುಳಿಯಲು ಮನಸ್ಸೇ ಬಾರದು.

“ನೀನು ಕೊಳ್ಳಬೇಕೆಂದಿರುವ ಭಾರಿ ಸೈಕಲ್ಲು ಈ ಮೂರರಲ್ಲಿ ಯಾವುದನ್ನು ನೀಗುತ್ತದೆ?” ಎಂದೆ. ಅವನು ಮಾತಾಡಲಿಲ್ಲ.

ಚೀಟಿಯಲ್ಲಿ ಬರೆಯದಿದ್ದ ನಾಲ್ಕನೆಯ ಕಾರಣವೊಂದಿತ್ತು. ಹಿಂದಿನ ವರ್ಷ ತನ್ನ ಸೈಕಲ್ಲು ರಿಪೇರಿಗೆ ಹೋಗಿದ್ದಾಗ ಅವನು ಗೆಳೆಯನ ಸಾದಾ ಸೈಕಲ್ಲನ್ನು ಎರವಲು ಪಡೆದು, ಚಹಾ ತೋಟದ ನಡುವಣ ಕಾಲುದಾರಿಯಲ್ಲಿ ಎಂದಿನ ವೇಗದಲ್ಲೇ ಇಳಿದ. ಒಂದು ಮರದ ಬೇರಿಗೆ ಹಿಂದಿನ ಚಕ್ರ ಎಗರಿತು. ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಕೈಗೆ ಪಟ್ಟಿ. ಅಕ್ಕನ ಕೋಪದ ಬೇರೂ ಅದೇ. ಆ ದಿನ ಅವನೇ ತಾನಾಗಿ ಹೇಳಿದ:

“ತಪ್ಪು ಆ ಸೈಕಲ್ಲಿನದಲ್ಲ ಮಾವ. ನನ್ನ ತಪ್ಪುಗಳನ್ನೆಲ್ಲ ಶಾಕ್ ನುಂಗಿಕೊಳ್ಳುತ್ತಿತ್ತು. ಹಿಂದಿನ ಚಕ್ರ ಏನು ಹೇಳುತ್ತದೆಂದು ಕೇಳುವುದನ್ನೇ ನಾನು ಮರೆತಿದ್ದೆ.”

ಪಂಚಾಯಿತಿ ಮುಗಿದುದು ಆ ಮಾತಿನಲ್ಲಿ. ಎರಡನೆಯ ಸೈಕಲ್ಲು ಬೇಕು, ಆದರೆ ಅದು ಮೊದಲನೆಯದರ ದೊಡ್ಡಣ್ಣನಾಗಬಾರದು. ಮೊದಲನೆಯದು ಮಾಡಲಾರದುದನ್ನು ಮಾಡಬೇಕು, ಮರೆಸಿದುದನ್ನು ಕಲಿಸಬೇಕು. ಹಾರ್ಡ್‌ಟೇಲ್ ಎಂದು ತೀರ್ಮಾನವಾಯಿತು.

ಆಯ್ಕೆಯಲ್ಲಿ ನಾವು ಗಮನಿಸಿದ ಕೆಲವು ಅಂಶಗಳು ಇತರರಿಗೂ ಉಪಯೋಗವಾದೀತು. ಫೋರ್ಕು ಉದ್ದವಿದ್ದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಹಾರ್ಡ್‌ಟೇಲಿನಲ್ಲಿ ಫೋರ್ಕು ಒತ್ತಿದಾಗ ಮೂತಿಯೊಂದೇ ಕೆಳಗಿಳಿಯುತ್ತದೆ. ಹಿಂಭಾಗ ಇದ್ದಲ್ಲಿಯೇ ಇರುತ್ತದೆ. ಆಗ ಮುಂಗಾಲಿಯ ಓರೆ ಕಡಮೆಯಾಗಿ ಹ್ಯಾಂಡಲು ಚಂಚಲವಾಗುತ್ತದೆ. 120ರಿಂದ 140 ಮಿಲಿಮೀಟರಿನಷ್ಟು ಚಲನೆಯ ಫೋರ್ಕು ಹೆಚ್ಚಿನವರಿಗೆ ಸಾಕು. ಹಿಂದಿನ ಆಘಾತವನ್ನು ತಡೆಯಲು ಉಳಿದಿರುವುದು ಟಯರೊಂದೇ ಆದುದರಿಂದ 2.4ರಿಂದ 2.6 ಅಂಗುಲ ಅಗಲದ ಟಯರು ಹಿಡಿಸುವ ಫ್ರೇಮನ್ನು ಆರಿಸಬೇಕು. ಚಕ್ರದ ಗಾತ್ರ, ಅಚ್ಚಿನ ಅಗಲ, ಬ್ರೇಕಿನ ಪ್ಯಾಡು ಇವು ಮೊದಲ ಸೈಕಲ್ಲಿನವೇ ಆಗಿದ್ದರೆ ಒಂದರ ಬಿಡಿಭಾಗ ಇನ್ನೊಂದಕ್ಕೆ ಒದಗುತ್ತದೆ. ಪಟ್ಟಣ ದೂರವಿರುವ ನಮ್ಮಂಥವರಿಗೆ ಇದು ಸಣ್ಣ ಲಾಭವಲ್ಲ. ಸೀಟಿನ ಎತ್ತರ, ಪೆಡಲು, ಹ್ಯಾಂಡಲಿನ ಅಗಲ ಎರಡರಲ್ಲೂ ಒಂದೇ ಇದ್ದರೆ ಮೈಗೆ ಗೊಂದಲವಾಗದು.

ಫ್ರೇಮಿನ ಲೋಹವನ್ನು ಊರಿನ ಹವೆ ನೋಡಿ ನಿರ್ಧರಿಸಬೇಕು. ಕ್ರೋಮಾಲಿ ಉಕ್ಕು ತುಸು ತೂಕ. ಆದರೆ ಗಟ್ಟಿ, ಬಳುಕೂ ಉಂಟು, ಬಿರುಕು ಬಿಟ್ಟರೆ ಕೆಲಸ ಬಲ್ಲ ಕೈಯಲ್ಲಿ ಬೆಸೆಯಲೂಬಹುದು. ಕಾಸರಗೋಡಿನ ಕಡಲ ಗಾಳಿಯಲ್ಲಿ ಉಕ್ಕಿನ ಕೊಳವೆ ಒಳಗಿನಿಂದ ತುಕ್ಕು ಹಿಡಿಯುವ ಭಯವಿರುವುದರಿಂದ ಅಲ್ಲಿನವರಿಗೆ ಅಲ್ಯುಮಿನಿಯಂ ಕ್ಷೇಮ. ಸೊಲ್ಲಾಪುರ, ಅಕ್ಕಲಕೋಟೆಯ ಎರೆಮಣ್ಣು ಮಳೆ ಬಿದ್ದೊಡನೆ ಅಂಟಾಗಿ ಚಕ್ರವನ್ನೇ ನಿಲ್ಲಿಸಿಬಿಡುತ್ತದೆ. ಅಲ್ಲಿ ಟಯರಿಗೂ ಫ್ರೇಮಿಗೂ ನಡುವೆ ಬೆರಳು ಆಡುವಷ್ಟು ಜಾಗವಿರಲಿ. ರಾಯದುರ್ಗ, ಮಡಕಶಿರಾದ ಬಯಲಲ್ಲಿ ಜಾಲಿಯ ಮುಳ್ಳೇ ಶತ್ರು. ಟ್ಯೂಬಿಲ್ಲದ ಟಯರಿನೊಳಗೆ ರಂಧ್ರ ಮುಚ್ಚುವ ದ್ರವವನ್ನು ಹಾಕಿಸಿಕೊಂಡರೆ ನಡುದಾರಿಯಲ್ಲಿ ಸೈಕಲ್ಲು ನೂಕುವ ಪಾಡು ಬಹುಮಟ್ಟಿಗೆ ತಪ್ಪುತ್ತದೆ.

ಅಳಿಯ ತಂದುದು ಸಾದಾ ಉಕ್ಕಿನ ಹಾರ್ಡ್‌ಟೇಲ್. ಮೊದಲು ನೆನೆಸಿದ್ದರ ಬೆಲೆಯಲ್ಲಿ ಅರ್ಧಕ್ಕೂ ಕಡಮೆ. ಮೊದಲ ತಿಂಗಳು ಅವನು ಇಳಿಜಾರಿನಲ್ಲಿ ಅಳುಕುತ್ತಿದ್ದ. ಬೇರು, ಕಲ್ಲು ಕಂಡಲ್ಲಿ ವೇಗ ತಗ್ಗಿಸಿ, ಮೊಣಕಾಲು ಮಡಿಸಿ, ದಾರಿಯನ್ನು ಮುಂಚಿತವಾಗಿ ನೋಡಿ ಹಾಯಲು ಕಲಿತ. ಮಳೆಯ ದಿನಗಳಲ್ಲೂ ಸವಾರಿ ನಿಲ್ಲಲಿಲ್ಲ. ಮನೆಗೆ ಬಂದು ಒಂದು ಬಕೆಟ್ ನೀರು, ಚೈನಿಗೆ ನಾಲ್ಕು ಹನಿ ಎಣ್ಣೆ, ಅಲ್ಲಿಗೆ ಮುಗಿಯಿತು. ದೊಡ್ಡ ಸೈಕಲ್ಲು ಬಿಸಿಲಿನ ಭಾನುವಾರಗಳಿಗೆ ಮೀಸಲಾಗಿದೆ. ಅದನ್ನು ಏರಿದಾಗಲೂ ಈಗ ಅವನ ಕೈಕಾಲುಗಳಲ್ಲಿ ಹೊಸ ಎಚ್ಚರವಿರುವುದನ್ನು ನಾನೇ ಕಂಡಿದ್ದೇನೆ.

ಉಳಿದ ಹಣದಲ್ಲಿ ಜಗಲಿಯ ಸೂರಿಗೆ ಹೊಸ ತಗಡು ಬಂದಿತು. ಹಿಂಗಾರಿನ ಒಂದು ಸಂಜೆ ನಾನು ಅಲ್ಲಿ ಹೋಗಿ ಕುಳಿತಾಗ ಮೇಲೆ ಮಳೆ ಬಡಿಯುತ್ತಿತ್ತು; ಕೆಳಗೆ ನೆಲ ಒಣಗಿತ್ತು. ಗೋಡೆಗೆ ಎರಡು ಸೈಕಲ್ಲುಗಳೂ ಒರಗಿದ್ದವು. ಅಕ್ಕ ಕಾಫಿಯ ಲೋಟವನ್ನು ನನ್ನ ಕೈಗಿತ್ತು, ಹೊಸ ಸೈಕಲ್ಲಿನ ಸೀಟಿನ ಮೇಲಿದ್ದ ಕೆಸರಿನ ಹನಿಯನ್ನು ಸೆರಗಿನ ತುದಿಯಿಂದ ಒರೆಸಿದಳು.

“ಇದು ಪರವಾಗಿಲ್ಲ,” ಎಂದಳು. “ಆದರೆ ಮೂರನೆಯದರ ಮಾತೆತ್ತಿದರೆ ಪಂಚಾಯಿತಿಗೆ ನಿನ್ನನ್ನು ಕರೆಯುವುದಿಲ್ಲ.”